ಗಾಳದ ಕೋಲನ್ನು ಬೆಂಕಿಗೆ ಹಿಡಿಯುವ ಬುದ್ಧಿವಂತರಿಗೆ

ಆಟಿ ತಿಂಗಳು. ತೋಟದ ಕಣಿ ತುಂಬಿ ಹರೀತಾ ಉಂಟು. ಅಡಿಕೆಗೆ ಎರಡನೇ ಸಲ ಬೋರ್ಡೋ ಬಿಡ್ಲಿಕ್ಕೆ ಒಂದು ದಿನದ ಬಿಸಿಲು ಕಾಯ್ತಾ ಜಗಲಿಯಲ್ಲಿ ಕೂತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳೀಲಿಕ್ಕಿಲ್ಲ, ದಕ್ಕೆಯಲ್ಲಿ ಸಾಲಾಗಿ ಕಟ್ಟಿ ನಿಲ್ಲಿಸಿದ್ದಾರೆ. ಹಾಗಾಗಿ ಮಂಗಳೂರಿನಲ್ಲಿ ಈಗ ಗಾಳದ ಕೋಲಿಗೆ ಭಾರೀ ಮರ್ಯಾದೆ. ಕೂಳೂರು ಸೇತುವೆಯ ಹತ್ತಿರ, ಜಪ್ಪಿನಮೊಗರಿನ ನೇತ್ರಾವತಿ ದಡದಲ್ಲಿ, ಎಲ್ಲಿ ನೋಡಿದ್ರೂ ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡು ನಿಂತವರು.

ಮೊನ್ನೆ ಅಕ್ಕನ ಮಗ ಬಂದ. ಬಲಗೈಗೆ ಬ್ಯಾಂಡೇಜ್. ಅವನು ವಯರಿಂಗ್ ಕೆಲಸದವನು, ಕೈ ಇಲ್ಲದಿದ್ರೆ ಆ ದಿನದ ಸಂಬಳ ಇಲ್ಲ.

"ಎಂತ ಆಯ್ತಾ?" ಕೇಳಿದೆ.

"ಕೋಲು ಬಗ್ಗಿತ್ತು ಮಾವ. ಮೊಬೈಲಿನಲ್ಲಿ ನೋಡಿ ಗ್ಯಾಸ್ ಒಲೆಗೆ ಹಿಡಿದು ನೆಟ್ಟಗೆ ಮಾಡಿದೆ."

1,800 ರೂಪಾಯಿಯ ಫೈಬರ್ ಕೋಲು. ಒಲೆಗೆ ಹಿಡಿದ ಮೇಲೆ ಎರಡು ದಿನ ನೆಟ್ಟಗೇ ಇತ್ತಂತೆ. ಮೂರನೇ ದಿನ ಒಳ್ಳೆ ದೊಡ್ಡ ಕೆಂಬೇರಿ ಸಿಕ್ಕಿತಂತೆ (ಮೀನಿನ ಗಾತ್ರ ಅವನು ಹೇಳಿದ್ದು, ನಾನು ನೋಡಿಲ್ಲ). ಎಳೆಯುವಾಗ ಬಿಸಿ ತಾಗಿಸಿದ ಜಾಗದಲ್ಲೇ ಟಪ್ ಅಂತ ಒಡೆಯಿತು. ಮೀನು ತಪ್ಪಬಾರದು ಅಂತ ಒಡೆದ ತುಂಡನ್ನೇ ಮುಷ್ಟಿ ಹಿಡಿದ. ಗಾಜಿನ ನಾರು ಅಂಗೈಯ ಒಳಗೆ. ಡಾಕ್ಟ್ರು ಕೂತು ಒಂದೊಂದೇ ತೆಗೆದರು. ಎಂಟು ದಿನ ಕೆಲಸ ಇಲ್ಲ.

ಇದಕ್ಕೆ ಬರೀ ಹುಡುಗನನ್ನು ಬೈದ್ರೆ ಆಗುದಿಲ್ಲ. "ಲೈಟರ್ ಹಿಡಿ, ಬಿಸಿನೀರಲ್ಲಿ ಅದ್ದು, ಐದೇ ನಿಮಿಷದಲ್ಲಿ ಹೊಸದರ ಹಾಗೆ" ಅಂತ ಕೈಯಲ್ಲಿರುವುದು ಯಾವ ವಸ್ತು ಅಂತ ಕೂಡ ಕೇಳದೆ ಬುದ್ಧಿ ಹೇಳುವವರು ಇದ್ದಾರಲ್ಲ, ನನ್ನ ಜಗಳ ಅವರ ಹತ್ರ.

ಕೇಳಿದ್ರೆ "ಬಿದಿರಿಗೆ ಹಾಗೇ ಮಾಡ್ತಾರಲ್ಲ" ಅಂತಾರೆ. ಹೌದು ಮಾರಾಯ್ರೆ, ಮಾಡ್ತಾರೆ. ನಮ್ಮ ಅಪ್ಪ ಮಾಡಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಸಪೂರದ ಗಂಡುಬಿದಿರು ಕಡಿದು ತಂದು, ಬಗ್ಗಿದ ಜಾಗಕ್ಕೆ ತೆಂಗಿನೆಣ್ಣೆ ಸವರಿ, ಕೆಂಡದ ಮೇಲೆ ತಿರುಗಿಸ್ತಾ ಕಾಯಿಸುವುದು. ಉರಿಗೆ ಹಿಡೀಲಿಕ್ಕಿಲ್ಲ, ಕೆಂಡವೇ ಆಗಬೇಕು. ಕರಿ ಹಿಡಿದ್ರೆ ಆ ಜಾಗ ಲಟಕ್ ಅಂತ ಮುರೀತದೆ. ಕಾದ ಮೇಲೆ ಎದುರು ದಿಕ್ಕಿಗೆ ಸ್ವಲ್ಪ ಜಾಸ್ತಿಯೇ ಬಗ್ಗಿಸಬೇಕು, ಯಾಕಂದ್ರೆ ಬಿಟ್ಟಾಗ ಚೂರು ಹಿಂದೆ ಬರ್ತದೆ. ಹಾಗೇ ಹಿಡಿದುಕೊಂಡು ಒದ್ದೆ ಬಟ್ಟೆ ಒರಸಿ ತಣಿಸುವುದು. ಆಮೇಲೆ ಪಕ್ಕಾಸಿಗೆ ನೇತುಹಾಕಿ, ಕೆಳತುದಿಗೆ ಕಲ್ಲು ಕಟ್ಟಿ, ನೆರಳಲ್ಲಿ ವಾರಗಟ್ಟಲೆ ಒಣಗಿಸುವುದು. ಬಿದಿರಿನ ನಾರನ್ನು ಹಿಡಿದಿಡುವ ಲಿಗ್ನಿನ್ ಅನ್ನುವ ವಸ್ತು ಬಿಸಿಗೆ ಮೆತ್ತಗಾಗಿ, ತಣಿದಾಗ ಮತ್ತೆ ಗಟ್ಟಿಯಾಗ್ತದೆ. ಅಪ್ಪನಿಗೆ ಆ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಫೈಬರ್ ಕೋಲಿನ ಜಾತಿಯೇ ಬೇರೆ. ಎರಡನೇ ಮಹಾಯುದ್ಧದ ನಂತರ ಗಾಜಿನ ನಾರಿನ ಕೋಲು ಬಂತು, 1970ರ ದಶಕದಲ್ಲಿ ಕಾರ್ಬನ್ ನಾರಿನದ್ದು ಬಂತು. ಎರಡರಲ್ಲೂ ನಾರನ್ನು ಹಿಡಿದಿಡುವುದು ಎಪಾಕ್ಸಿಯಂಥ ಅಂಟು. ಬೆಲ್ಲದ ಪಾಕ ಗಟ್ಟಿಯಾದ್ರೆ ಕಾಯಿಸಿ ಮತ್ತೆ ಕರಗಿಸಬಹುದು. ಬೇಯಿಸಿದ ಮೊಟ್ಟೆಯನ್ನು ಎಷ್ಟು ಕಾಯಿಸಿದ್ರೂ ಹಸಿ ಮೊಟ್ಟೆ ಆಗ್ತದಾ? ಈ ಅಂಟು ಮೊಟ್ಟೆಯ ಜಾತಿ. ಬಿಸಿ ತಾಗಿದ್ರೆ ಸ್ವಲ್ಪ ಸಡಿಲ ಆಗಿ ನಾವು ಹೇಳಿದ ಹಾಗೆ ಕೇಳಿದಂತೆ ಕಾಣ್ತದೆ. ಬಿಸಿ ಹೆಚ್ಚಾದ್ರೆ ಒಳಗೆ ನಾರಿಗೂ ಅಂಟಿಗೂ ಇರುವ ಹಿಡಿತ ಬಿಟ್ಟಿರ್ತದೆ. ಹೊರಗಿಂದ ನೋಡಿದ್ರೆ ಗೊತ್ತಾಗುದಿಲ್ಲ, ಭಾರ ಬಿದ್ದಾಗ ಗೊತ್ತಾಗ್ತದೆ.

ಹಾಗಾದ್ರೆ ಬಗ್ಗಿದ ಕೋಲಿಗೆ ಎಂತ ಮಾಡುದು? ಮೊದಲು ಅದು ನಿಜವಾಗಿ ಬಗ್ಗಿದೆಯಾ ನೋಡಿ. ರೀಲು, ದಾರ ಎಲ್ಲ ತೆಗೆದು, ಬಡಗಿ ಪಕ್ಕಾಸು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ಬುಡದಿಂದ ತುದಿಗೆ ನೋಡಿ. ಕೈಯಲ್ಲೇ ನಿಧಾನ ತಿರುಗಿಸಿ. ಎಷ್ಟು ತಿರುಗಿಸಿದ್ರೂ ತುದಿ ನೆಲದ ಕಡೆಗೇ ಬಾಗಿದ್ರೆ ಅದು ಕೋಲಿನ ಸ್ವಂತ ಭಾರ, ದೋಷ ಅಲ್ಲ. ಕೋಲು ತಿರುಗಿದ ಹಾಗೆ ಬಗ್ಗೂ ತಿರುಗಿದ್ರೆ ಅದು ನಿಜವಾದ ಬಗ್ಗು.

ಆಮೇಲೆ ತುಂಡುಗಳನ್ನು ಬಿಚ್ಚಿ ಒಂದೊಂದನ್ನೇ ನೋಡಿ. ಎಲ್ಲ ತುಂಡೂ ನೆಟ್ಟಗಿದ್ದು ಜೋಡಿಸಿದಾಗ ಮಾತ್ರ ವಾರೆ ಕಂಡ್ರೆ ತಪ್ಪು ಸಂದಿನದ್ದು. ಅಳಿವೆಯ ಉಪ್ಪು, ಹೊಯ್ಗೆ ಸಂದಿನಲ್ಲಿ ಕೂತಿರ್ತದೆ. ಸಿಹಿನೀರಲ್ಲಿ ತೊಳೆದು, ಒಣಗಿಸಿ, ಮತ್ತೆ ಕೂರಿಸಿ. ಖರ್ಚು ಸೊನ್ನೆ. ಒಂದು ತುಂಡು ಚೂರು ಬಾಗಿದೆ, ಆದರೆ ಬಿಳಿ ಗೆರೆ ಇಲ್ಲ, ಬಗ್ಗಿಸಿದ್ರೆ ಚಟಚಟ ಸದ್ದಿಲ್ಲ ಅಂತಾದ್ರೆ ಹಾಗೇ ಬಳಸಿ. ಕಾರ್ಖಾನೆಯಿಂದ ಬಂದ ಹೊಸ ಕೋಲಿನಲ್ಲೂ ಸಣ್ಣ ಬಗ್ಗು ಇರ್ತದೆ. ಮೀನು ಕೋಲಿನ ಅಂದ ನೋಡಿ ಕಚ್ಚುದಿಲ್ಲ. ಬಿಳಿ ಗೆರೆ, ಸೀಳು, ಸದ್ದು ಇದ್ರೆ ಮಾತ್ರ ಆ ತುಂಡಿನ ಆಯುಷ್ಯ ಮುಗಿಯಿತು. ಅದನ್ನು ಬಟ್ಟೆಯಲ್ಲಿ ಸುತ್ತಿಯೇ ಮುಟ್ಟಿ. ಸುಡಬೇಡಿ, ಮಕ್ಕಳ ಕೈಗೆ ಕೊಡಬೇಡಿ, ದಯವಿಟ್ಟು ನದಿಗೆ ಬಿಸಾಡಬೇಡಿ. ಬಿದಿರು ಕೊಳೆತು ಮಣ್ಣಾಗ್ತದೆ. ಇದು ನೇತ್ರಾವತಿಯ ಕೆಸರಲ್ಲಿ ಹಾಗೇ ಕೂತಿರ್ತದೆ, ನಾಳೆ ಮರುವಾಯಿ ಹೆಕ್ಕಲಿಕ್ಕೆ ಇಳಿದವರ ಕಾಲಿಗೆ ಚುಚ್ಚುತ್ತದೆ.

"ಎರಡು ಸಾವಿರದ ಕೋಲಿಗೆ ಇಷ್ಟು ಪುರಾಣವಾ? ಬಿಸಾಡಿ ಹೊಸದು ತಗೊಳ್ಳಿ" ಅನ್ನುವವರೂ ಇದ್ದಾರೆ. ತಗೊಳ್ಳಿ. ಇಡುವ ಕ್ರಮ ಬದಲಾಗದಿದ್ರೆ ಅದೂ ಮುಂದಿನ ಆಟಿಗೆ ಬಗ್ಗಿಯೇ ಬಗ್ಗುತ್ತದೆ. ಅಕ್ಕನ ಮಗನ ಕೋಲು ಬಗ್ಗಿದ್ದು ಹೇಗೆ ಗೊತ್ತುಂಟಾ? ಕಳೆದ ವರ್ಷ ಮೀನು ಹಿಡಿದು ಬಂದವನು ಗಾಳವನ್ನು ರಿಂಗಿಗೆ ಸಿಕ್ಕಿಸಿ, ರೀಲು ಬಿಗಿ ಮಾಡಿ, ತಗಡಿನ ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದ. ಬೇಸಿಗೆ ಇಡೀ ತಗಡಿನ ಬಿಸಿ, ದಾರದ ಎಳೆತ. ಹಿಂದಿನವರು ಬಿಲ್ಲನ್ನು ಕೂಡ ಕೆಲಸ ಆದ ಮೇಲೆ ಹೆದೆ ಇಳಿಸಿ ಇಡ್ತಿದ್ದರು. ನಾವು ಕೋಲನ್ನು ಹನ್ನೊಂದು ತಿಂಗಳು ಬಿಲ್ಲಿನ ಹಾಗೆ ಬಿಗಿದಿಟ್ಟು, ಹನ್ನೆರಡನೇ ತಿಂಗಳು "ಕಂಪೆನಿ ಸರಿ ಇಲ್ಲ" ಅಂತ ಬೈತೇವೆ. ದಾರ ಸಡಿಲ ಮಾಡಿ, ಒಣಗಿಸಿ, ಅಟ್ಟದಲ್ಲಿ ಅಡ್ಡಕ್ಕೆ ಮಲಗಿಸಿ ಮೂರು ನಾಲ್ಕು ಕಡೆ ಆಧಾರ ಕೊಟ್ಟು ಇಡಿ. ಬಿದಿರಿಗೂ ಅದೇ ಕ್ರಮ, ಮಳೆಗಾಲದ ತೇವದಲ್ಲಿ ಒರಗಿಸಿಟ್ಟ ಬಿದಿರು ಬಾಗದೆ ಇರುದಿಲ್ಲ.

ಕೃಷಿಕರು ಇದನ್ನು ಬರೀ ಮೀನಿನ ವಿಷಯ ಅಂತ ದಾಟಿ ಹೋಗಬೇಡಿ. ಅಡಿಕೆ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ದೋಟಿಯೂ ಇದೇ ಸಂತಾನ, ಬೆಲೆ ಮಾತ್ರ ಎಷ್ಟೋ ಪಾಲು ಹೆಚ್ಚು. ಅದನ್ನೂ ಬಿಸಿಲಿಗೆ ಒರಗಿಸುವವರನ್ನು, ವಾರೆಯಾದ್ರೆ ಬೆಂಕಿ ಕಾಯಿಸುವ ಯೋಚನೆ ಮಾಡುವವರನ್ನು ನಾನು ಕಂಡಿದ್ದೇನೆ. ಇನ್ನೊಂದು ಮಾತು. ಕಾರ್ಬನ್‌ನಲ್ಲಿ ಕರೆಂಟ್ ಹರೀತದೆ. ಕೋಲಾಗಲಿ ದೋಟಿಯಾಗಲಿ, ಬಗ್ಗು ನೋಡ್ಲಿಕ್ಕೆ ಅಂತ ಅಂಗಳದಲ್ಲಿ ಎತ್ತಿ ನಿಲ್ಲಿಸುವ ಮೊದಲು ಮೇಲೆ ವಯರ್ ಉಂಟಾ ನೋಡಿ. ವಯರಿಂಗ್ ಕೆಲಸದ ಹುಡುಗನಿಗೇ ಇದನ್ನು ನಾನು ಹೇಳಬೇಕಾಯಿತು. "ಫೈಬರ್ ಅಲ್ವಾ ಮಾವ, ಎಂತ ಆಗ್ತದೆ" ಅಂದುಕೊಂಡಿದ್ದನಂತೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದವ, ಅಷ್ಟೇ. ವಸ್ತು ಯಾವುದು ಅಂತ ತಿಳಿಯದೆ ಮದ್ದು ಹೇಳುವವನನ್ನು ತೋಟದಲ್ಲಿ ನಾವು ನಂಬುದಿಲ್ಲ. ಕೊಳೆರೋಗಕ್ಕೂ ಹಳದಿ ಎಲೆ ರೋಗಕ್ಕೂ ಒಂದೇ ಮದ್ದು ಅಂದ್ರೆ ನಗ್ತೇವೆ. ಮೊಬೈಲಿನಲ್ಲಿ ಅದೇ ನಮೂನೆಯವನು ಹೇಳಿದ್ರೆ ಮಾತ್ರ ಒಲೆ ಹಚ್ಚಿ ಹೊರಡ್ತೇವೆ.

ಅಪ್ಪನ ಬಿದಿರಿನ ಕೋಲು ಇನ್ನೂ ಅಟ್ಟದಲ್ಲಿ ಉಂಟು, ಬುಡದಲ್ಲಿ ಸ್ವಲ್ಪ ಕುಟ್ಟೆ ಹಿಡಿದಿದೆ. ನಿನ್ನೆ ಇಳಿಸಿ ಎಣ್ಣೆ ಸವರಿಟ್ಟೆ. ಕೈ ಗುಣ ಆದ ಮೇಲೆ ಹುಡುಗ ಬರ್ತೇನೆ ಅಂದಿದ್ದಾನೆ. ಅದರ ತುದಿಯಲ್ಲಿ ಚೂರು ವಾರೆ ಉಂಟು. ಕೆಂಡಕ್ಕೆ ಹಿಡಿಯುವುದು ಹೇಗೆ ಅಂತ ಅವನ ಕೈಯಲ್ಲೇ ಮಾಡಿಸ್ತೇನೆ.