ಉಣ್ಣೆಯಿಲ್ಲದ ಜರ್ಸಿ

ಮಲೆನಾಡಿನ ಕೊಟ್ಟಿಗೆಯಲ್ಲಿ ಜರ್ಸಿಯೆಂದರೆ ಹಸು. ಶಾಲೆಯ ಮೈದಾನದಲ್ಲಿ ಆಟದ ಅಂಗಿ. ಎರಡಕ್ಕೂ ಹೆಸರು ಬಂದದ್ದು ಇಂಗ್ಲಿಷ್ ಕಡಲ್ಗಾಲುವೆಯ ಒಂದೇ ದ್ವೀಪದಿಂದ. ಆ ದ್ವೀಪದವರು ಹೆಣೆಯುತ್ತಿದ್ದ ಉಣ್ಣೆಯ ಉಡುಪಿನ ಹೆಸರನ್ನು ಫುಟ್‌ಬಾಲ್ ಕ್ಲಬ್ಬುಗಳ ಅಂಗಿ ಇಂದಿಗೂ ಹೊತ್ತಿದೆ. ಉಣ್ಣೆ ಮಾತ್ರ ಎಂದೋ ಮಾಯವಾಗಿದೆ. ಈಗಿನ ಜರ್ಸಿ ಪಾಲಿಯೆಸ್ಟರ್, ಅರ್ಥಾತ್ ಕಲ್ಲೆಣ್ಣೆಯ ಕೂಸು. ಹತ್ತಿಯಿಂದ ಬೆಳೆದ ಮ್ಯಾಂಚೆಸ್ಟರಿನ ಕಂಪನಿಯೊಂದರ ರಸಾಯನಶಾಸ್ತ್ರಜ್ಞರೇ 1941ರಲ್ಲಿ ಆ ನೂಲನ್ನು ಕಂಡುಹಿಡಿದರೆಂಬುದು ವಿಪರ್ಯಾಸ.

'ಕಿಟ್' ಎಂಬ ಪದಕ್ಕೂ ಇದೇ ಗತಿ. ಕಿಟ್ ಎಂದರೆ ಸಿಪಾಯಿಯ ಸರಂಜಾಮು, ಕೆಲಸಗಾರನ ಸಲಕರಣೆ. ಬಾಳಿಕೆ ಬರಬೇಕಾದ ವಸ್ತು. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ದೊಡ್ಡ ಕ್ಲಬ್ಬುಗಳಾದರೋ ಪ್ರತಿ ಋತುವಿಗೂ ಹೊಸ ಕಿಟ್ ಮಾರುತ್ತವೆ: ತವರಿನದು, ಪರಸ್ಥಳದ್ದು, ಸಾಲದೆಂಬಂತೆ ಮೂರನೆಯದು. ಎರಡು ತಂಡಗಳ ಬಣ್ಣ ಒಂದೇ ಆಗದಿರಲೆಂದು ಹುಟ್ಟಿದ ಏರ್ಪಾಡು ಅಭಿಮಾನಿಯ ಜೇಬಿಗೆ ಕೈಹಾಕುವ ಉಪಾಯವಾಗಿದೆ. ಹೋದ ವರ್ಷದ ಅಂಗಿ ಹರಿದಿರುವುದಿಲ್ಲ. ಅದನ್ನು ಹಳತೆಂದು ಸಾರಲಾಗಿರುತ್ತದೆ, ಅಷ್ಟೆ.

ಎಲ್ಲಕ್ಕಿಂತ ಜಾಣ ಪದ 'ಮರುಬಳಕೆ'. 2010ರ ವಿಶ್ವಕಪ್ಪಿನಲ್ಲಿ ನೈಕಿ ಕಂಪನಿಯು ಒಂದೊಂದು ಜರ್ಸಿಗೆ ಎಂಟರಷ್ಟು ಪ್ಲಾಸ್ಟಿಕ್ ಬಾಟಲಿ ಬಳಸಿದ್ದಾಗಿ ಹೇಳಿಕೊಂಡಿತು. ಬಾಟಲಿಯಿಂದ ತೆಗೆದ ನೂಲೂ ಪಾಲಿಯೆಸ್ಟರೇ ತಾನೆ? ಆರು ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದರೆ ಸುಮಾರು ಐದು ಲಕ್ಷ ಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದೆಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಅಂದಾಜಿಸಿದರು. ಬಾಟಲಿಯಾಗಿದ್ದಾಗ ಕೈಗೆ ಸಿಗುತ್ತಿದ್ದ ಕಸ, ಅಂಗಿಯಾದ ಮೇಲೆ ಕಣ್ಣಿಗೂ ಕಾಣದೆ ಹೊಳೆ ಸೇರುತ್ತದೆ.

ಕಂಪನಿಗಳು 'ಮರುಬಳಕೆ' ಎಂದು ಮುದ್ರಿಸುವಷ್ಟೇ ದೊಡ್ಡ ಅಕ್ಷರದಲ್ಲಿ 'ಒಗೆದರೆ ಪ್ಲಾಸ್ಟಿಕ್ ಎಳೆ ಉದುರುತ್ತದೆ' ಎಂದೂ ಮುದ್ರಿಸಲಿ. ಕ್ಲಬ್ಬುಗಳು ಒಂದು ಕಿಟ್ಟನ್ನು ಎರಡು ಋತುವಾದರೂ ಉಳಿಸಿಕೊಳ್ಳಲಿ. ಹಿಂದೆ ಹಲವು ಕ್ಲಬ್ಬುಗಳು ಹಾಗೆಯೇ ಮಾಡುತ್ತಿದ್ದವು. ಅದರಿಂದ ಯಾರ ಆಟವೂ ಕೆಟ್ಟಿರಲಿಲ್ಲ.