ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತು ಎಂದ ಕೂಡಲೇ ಮನೆಯಲ್ಲಿ ಕೇಳಿಬರುವ ಮೊದಲ ಮಾತು, ‘ಏನಾದರಾಗಲಿ, ತೆಗೆಸಿಬಿಡೋಣ’. ಭಯದಲ್ಲಿ ಬರುವ ಈ ಮಾತು ಸಹಜ. ಆದರೆ ಆರೋಗ್ಯದ ದೃಷ್ಟಿಯಿಂದಲೂ ಖರ್ಚಿನ ದೃಷ್ಟಿಯಿಂದಲೂ ಅದು ಬಹುಪಾಲು ಸಲ ಸರಿಯಾದ ಹೆಜ್ಜೆಯಲ್ಲ. ಗಂಟು ಏನೆಂದು ಮೊದಲು ಸೂಜಿಯಿಂದ ತಿಳಿಯಬೇಕು. ಕತ್ತರಿಸುವ ಮಾತು ಆಮೇಲೆ.

ಕೋರ್ ಬಯಾಪ್ಸಿಯಲ್ಲಿ ಗಂಟು ಇರುವ ಜಾಗವನ್ನಷ್ಟೇ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡುತ್ತಾ ಟೊಳ್ಳು ಸೂಜಿಯಿಂದ ಸಣ್ಣ ಎಳೆಗಳಷ್ಟು ಅಂಗಾಂಶ ತೆಗೆಯುತ್ತಾರೆ. ಹೊಲಿಗೆ ಇಲ್ಲ, ದಾಖಲಾಗಬೇಕಿಲ್ಲ, ಅಂದೇ ಮನೆಗೆ ಬರಬಹುದು. ತೆರೆದ ಬಯಾಪ್ಸಿಯ ಬಿಲ್ಲಿನಲ್ಲಿ ಆಪರೇಷನ್ ಥಿಯೇಟರ್, ಸರ್ಜನ್, ಅರಿವಳಿಕೆ ತಜ್ಞರು, ವಾರ್ಡು, ಔಷಧ ಒಂದೊಂದಕ್ಕೂ ಒಂದೊಂದು ಸಾಲು. ಬಿಲ್ಲಿನಲ್ಲಿ ಕಾಣದ ಖರ್ಚು ಬೇರೆ: ರಜೆ, ಗಾಯ ಮಾಯುವ ದಿನಗಳು, ನೋಡಿಕೊಳ್ಳಲು ಊರಿನಿಂದ ರೈಲು ಹತ್ತಿ ಬರಬೇಕಾದ ಅಮ್ಮ ಅಥವಾ ಅಕ್ಕ. ಪುಣೆ, ಹೈದರಾಬಾದಿನಲ್ಲಿ ಗಂಡ-ಹೆಂಡತಿ ಇಬ್ಬರೇ ದುಡಿದು ಬದುಕುವ ನಮ್ಮಂಥ ಮನೆಗಳಿಗೆ ಈ ಎರಡನೆಯ ಲೆಕ್ಕವೇ ಭಾರ.

ಅಗ್ಗವೆಂದ ಮಾತ್ರಕ್ಕೆ ಸೂಜಿ ಪರೀಕ್ಷೆ ಕಡಿಮೆ ದರ್ಜೆಯದಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ 2009ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಸ್ಕ್ಯಾನ್ ನೆರವಿನ ಕೋರ್ ಬಯಾಪ್ಸಿ ತೆರೆದ ಬಯಾಪ್ಸಿಗೆ ಹೆಚ್ಚುಕಡಿಮೆ ಸಮನಾಗಿ ನಿಖರ. ಗಂಭೀರ ತೊಂದರೆ ಶೇ 1ಕ್ಕಿಂತ ಕಡಿಮೆ. ಇಷ್ಟಾದರೂ ಅಲ್ಲಿನ ಫ್ಲಾರಿಡಾ ರಾಜ್ಯದಲ್ಲಿ 2003ರಿಂದ 2008ರವರೆಗಿನ ಸ್ತನ ಬಯಾಪ್ಸಿಗಳಲ್ಲಿ ಶೇ 30ರಷ್ಟು ತೆರೆದ ಶಸ್ತ್ರಚಿಕಿತ್ಸೆಗಳೇ ಆಗಿದ್ದವು. ಅದು ಶೇ 10ರ ಸುಮಾರಿನಲ್ಲಿರಬೇಕಿತ್ತು ಎಂದರು ಸಂಶೋಧಕರು. ಮುಂದುವರಿದ ದೇಶದಲ್ಲೇ ಹೀಗಿದ್ದರೆ ನಾವು ಎಚ್ಚರದಿಂದಿರುವುದು ಅಗತ್ಯ.

ನಿಜವಾದ ಉಳಿತಾಯ ಇರುವುದು ವರದಿ ಬಂದ ಮೇಲೆ. ಪರೀಕ್ಷೆಗೆ ಹೋಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಅಂಥವರಲ್ಲಿ ಬಹುತೇಕರಿಗೆ ಆಪರೇಷನ್ನೇ ತಪ್ಪುತ್ತದೆ. ಕ್ಯಾನ್ಸರ್ ಎಂದಾದರೆ ಅದು ಯಾವ ಬಗೆಯದು, ಹಾರ್ಮೋನಿಗೆ ಸ್ಪಂದಿಸುವುದೇ ಎಂಬುದೂ ಅದೇ ಎಳೆಯಿಂದ ತಿಳಿಯುತ್ತದೆ. ಮೊದಲು ಕೀಮೋಥೆರಪಿಯೋ ಆಪರೇಷನ್ನೋ ಎಂದು ವೈದ್ಯರು ಯೋಜಿಸಬಹುದು. ಗೊತ್ತಿಲ್ಲದೆ ಗಂಟು ತೆಗೆಸಿದ ಮೇಲೆ ಕ್ಯಾನ್ಸರ್ ಎಂದು ಬಂದರೆ, ಅಂಚು ಮತ್ತು ಕಂಕುಳಿನ ಗ್ರಂಥಿಗಳಿಗಾಗಿ ಸಾಮಾನ್ಯವಾಗಿ ಇನ್ನೊಮ್ಮೆ ಥಿಯೇಟರ್ ಹತ್ತಬೇಕು. ಒಂದು ರೋಗಕ್ಕೆ ಎರಡು ಬಿಲ್ಲು, ಎರಡು ಗಾಯ.

ಹಾಗೆಂದು ತೆರೆದ ಬಯಾಪ್ಸಿ ಬೇಡವೇ ಬೇಡ ಎಂದಲ್ಲ. ಸ್ಕ್ಯಾನ್ ಒಂದು ಹೇಳಿ ಸೂಜಿಯ ವರದಿ ಇನ್ನೊಂದು ಹೇಳಿದಾಗ, ಜೀವಕೋಶಗಳ ರೂಪ ಅನುಮಾನಾಸ್ಪದವಾಗಿ ಕಂಡಾಗ, ಗಂಟು ಸೂಜಿಗೆ ಎಟುಕದ ಕಡೆ ಇದ್ದಾಗ ಅದು ಬೇಕೇ ಬೇಕು. ದುಗ್ಧಗ್ರಂಥಿಯ ಲಿಂಫೋಮಾ ಅನುಮಾನವಿದ್ದರೆ ಇಡೀ ಗ್ರಂಥಿ ತೆಗೆದು ನೋಡುವುದೇ ಮೇಲು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ’ ಎಂಬ ನಂಬಿಕೆ ನಮ್ಮೂರುಗಳಲ್ಲಿ ಗಟ್ಟಿಯಾಗಿದೆ. ವೃಷಣದಂಥ ಕೆಲವೆಡೆ ವೈದ್ಯರೇ ಸೂಜಿ ಹಾಕುವುದಿಲ್ಲ, ನಿಜ. ಸ್ತನದ ಮಟ್ಟಿಗೆ ಆ ಭಯಕ್ಕೆ ಆಧಾರವಿಲ್ಲ. ಸೂಜಿ ಹಿಡಿಯುವ ಕೈ, ವರದಿ ಬರೆಯುವ ಪೆಥಾಲಜಿಸ್ಟ್ ಪಳಗಿದವರಾಗಿರಬೇಕು ಎನ್ನುವುದು ಮಾತ್ರ ಮುಖ್ಯ. ಇಲ್ಲದಿದ್ದರೆ ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸಿ, ಉಳಿದ ಹಣ ಅಲ್ಲೇ ಹೋಗುತ್ತದೆ.

ಇಷ್ಟು ಸ್ಪಷ್ಟವಿದ್ದರೂ ಕೊಡಲಿ ಏಕೆ ಏಳುತ್ತದೆ? ಒಂದು ಉತ್ತರ ನಮ್ಮ ವಿಮೆಯಲ್ಲಿದೆ. ಅನೇಕ ಕಂಪನಿಗಳ ಗುಂಪು ವಿಮೆಯಲ್ಲಿ ಹೊರರೋಗಿ ಖರ್ಚು ಸೇರಿಲ್ಲ. ಬರೀ ಪರೀಕ್ಷೆಗೆಂದು ದಾಖಲಾದರೆ ಹಣ ಕೊಡದಿರಲು ನಿಯಮವೇ ಅವಕಾಶ ಕೊಟ್ಟಿದೆ. ಗಂಟು ತೆಗೆಸಿದರೆ ಮಾತ್ರ ಅದು ‘ಚಿಕಿತ್ಸೆ’ ಎನಿಸಿ ಕ್ಯಾಶ್‌ಲೆಸ್ ಸಿಗಬಹುದು. ಆಗ ಕುಟುಂಬಕ್ಕೆ ದುಬಾರಿ ದಾರಿಯೇ ಅಗ್ಗವಾಗಿ ಕಾಣುತ್ತದೆ. ದಾಖಲಾತಿಗೆ ಮುಂಚಿನ 30 ದಿನಗಳ ಪರೀಕ್ಷಾ ವೆಚ್ಚವನ್ನು ಸಾಮಾನ್ಯವಾಗಿ ಪಾಲಿಸಿಗಳು ಭರಿಸುತ್ತವೆ, ಆದರೆ ಅದೇ ರೋಗಕ್ಕೆ ದಾಖಲಾದರೆ ಮಾತ್ರ. ಎಂದರೆ ಕ್ಯಾನ್ಸರ್ ಬಂದರೆ ಸೂಜಿಯ ಹಣ ವಾಪಸ್, ಬರದಿದ್ದರೆ ಕೈಯಿಂದ! ಈ ವಿಪರ್ಯಾಸ ಹೋಗಬೇಕು. ವೈದ್ಯರು ಬರೆದುಕೊಟ್ಟ ಸೂಜಿ ಬಯಾಪ್ಸಿಗೆ ದಾಖಲಾತಿಯ ಷರತ್ತಿಲ್ಲದೆ ಹಣ ಸಿಗುವಂತೆ ವಿಮಾ ಕಂಪನಿಗಳು ಮಾಡಬೇಕು. ಪಾಲಿಸಿ ನವೀಕರಣದ ವೇಳೆ ಎಚ್‌ಆರ್ ವಿಭಾಗದ ಮುಂದೆ ಈ ಬೇಡಿಕೆ ಇಡುವುದು ನಮ್ಮ ಕೈಯಲ್ಲೇ ಇದೆ.

ಅಲ್ಲಿಯವರೆಗೆ, ನೇರವಾಗಿ ಆಪರೇಷನ್ ಎಂದು ಹೇಳಿದ ವೈದ್ಯರನ್ನು ಗೌರವದಿಂದಲೇ ಕೇಳಿ: ‘ಮೊದಲು ಸೂಜಿ ಬಯಾಪ್ಸಿ ಆಗುವುದಿಲ್ಲವೇ? ಆಗದಿದ್ದರೆ ಏಕೆ?’ ಸಕಾರಣವಿದ್ದರೆ ಒಪ್ಪಿಕೊಳ್ಳಿ. ಪರೀಕ್ಷೆ ಎಲ್ಲೇ ಆಗಲಿ, ವರದಿಯ ಜೊತೆ ಸ್ಲೈಡುಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋದರೆ ಪರಿಶೀಲಿಸಲು ಕೇಳುವುದು ಅವನ್ನೇ. ಎಲ್ಲಕ್ಕಿಂತ ಮುಖ್ಯ, ಖರ್ಚಿಗೆ ಹೆದರಿ ‘ಊರಿಗೆ ಹೋದಾಗ ತೋರಿಸೋಣ’ ಎಂದು ಯುಗಾದಿಯಿಂದ ದಸರೆಗೆ ಮುಂದೂಡಬೇಡಿ. ಸೂಜಿಗಿಂತಲೂ ಕತ್ತಿಗಿಂತಲೂ ದುಬಾರಿಯಾದದ್ದು ಆ ತಡ.