ಎಲ್ಲದಕ್ಕೂ ಒಂದೇ ದುಡ್ಡು



2025ರ ನವೆಂಬರ್ ಮೊದಲ ವಾರ ನಮ್ಮ ಕುಲಗೋಡದ ಮನೆಯಲ್ಲಿ ಊಟಕ್ಕೆ ಕುಳಿತರೆ ಒಂದೇ ಮಾತು: ಕಬ್ಬಿನ ದರ. ನಮ್ಮ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಧರಣಿ ಕುಳಿತಿದ್ದರು. ಟನ್ನಿಗೆ 3,500 ರೂಪಾಯಿ ಬೇಕು ಎಂಬ ಹಟ. ನನ್ನ ಮಗನೂ ಬುತ್ತಿ ಕಟ್ಟಿಕೊಂಡು ಹೋಗಿ ಕುಳಿತು ಬರುತ್ತಿದ್ದ. ಕೊನೆಗೆ ಮುಖ್ಯಮಂತ್ರಿಗಳು ಸಭೆ ನಡೆಸಿ 3,300 ಎಂದು ತೀರ್ಮಾನವಾಯಿತು.

ಆ ರಾತ್ರಿ ಐದನೇ ತರಗತಿಯ ಮೊಮ್ಮಗಳು ಕೇಳಿದಳು: "ಅಜ್ಜಾ, ಕಬ್ಬಿನ ರೇಟ್ ಸರ್ಕಾರದವರು ಹೇಳತಾರ. ಹಂಗಾದ್ರ ಬೆಲ್ಲದ ರೇಟ್ ಯಾರು ಹೇಳತಾರ?"

ನಾನು ಬಿ.ಕಾಂ. ಓದಿದವನು. ಬ್ಯಾಂಕಿನಲ್ಲಿ ಲೆಜರ್ ಬರೆದು ಬೆರಳು ಸವೆಸಿದವನು. ಬೇಡಿಕೆ, ಪೂರೈಕೆ ಎಂದು ಶುರು ಮಾಡಿದೆ. ಅವಳು ಆಕಳಿಸಿದಳು. ತಪ್ಪು ನನ್ನದು. ಐದನೇ ತರಗತಿಯ ಮಗುವಿಗೆ ಲೆಜರ್ ಬೇಡ, ಚಿತ್ರ ಬೇಕು.

ಚಿತ್ರಪುಸ್ತಕ ಸಾಮಾನ್ಯ ವಸ್ತುವಲ್ಲ. ನನ್ನ ಮಗ ಚಿಕ್ಕವನಿದ್ದಾಗ ರಷ್ಯದಿಂದ ಬಂದ ಕನ್ನಡದ ಚಿತ್ರಪುಸ್ತಕಗಳು ನಮ್ಮಲ್ಲಿ ಸಿಗುತ್ತಿದ್ದವು. ಬಣ್ಣಬಣ್ಣದ ಚಿತ್ರ, ಒಳ್ಳೆಯ ಕಾಗದ, ಬೆಲೆ ಮಾತ್ರ ತೀರ ಅಗ್ಗ. ಆ ಅಗ್ಗದ ಹಿಂದೆ ಸೋವಿಯತ್ ಸರ್ಕಾರದ ಹಣವಿತ್ತು. 1991ರಲ್ಲಿ ಆ ದೇಶವೇ ಒಡೆಯಿತು, ಪುಸ್ತಕಗಳ ಬರವೂ ನಿಂತಿತು. ಅತ್ತ ಅಮೆರಿಕದಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಮಾರುಕಟ್ಟೆ ಮುಕ್ತವಾಗಿರಬೇಕು, ಸರ್ಕಾರ ತನ್ನ ಮಿತಿಯಲ್ಲಿರಬೇಕು ಎಂದು ಮಕ್ಕಳಿಗೆ ಹೇಳುವ ಚಿತ್ರಪುಸ್ತಕಗಳು ಈಗ ಬರುತ್ತಿವೆ. ಹೀಗೆ ಅವರವರ ನಂಬಿಕೆ ಅವರವರ ಚಿತ್ರದಲ್ಲಿ.

ನಮ್ಮದು ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರು. ಕಥೆಯನ್ನು ಹೊರಗಿನಿಂದ ತರಬೇಕೇ? ನನಗೆ ಒಂದು ಕನ್ನಡ ಜನಪದ ಕಥೆ ನೆನಪಾಯಿತು. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1950ರ ದಶಕದಲ್ಲಿ ನಮ್ಮ ಬೆಳಗಾವಿಯಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಜನರ ಬಾಯಲ್ಲಿದ್ದ ಕಥೆಗಳನ್ನು ಕೂಡಿಸುವ ಹವ್ಯಾಸ ಅವರದು. ಭಾರತದ ಜನಪದ ಕಥೆಗಳ ಅವರ ಇಂಗ್ಲಿಷ್ ಸಂಕಲನ 1991ರಲ್ಲಿ ಬಂತು. ಅದರಲ್ಲಿ ಕನ್ನಡದಿಂದ ಹೋದ 'ಮೂರ್ಖರ ರಾಜ್ಯ'ದ ಕಥೆಯಿದೆ. ಎನ್‌ಸಿಇಆರ್‌ಟಿಯ 9ನೇ ತರಗತಿಯ ಇಂಗ್ಲಿಷ್ ಪುಸ್ತಕಕ್ಕೂ ಅದು ಪಾಠವಾಗಿ ಬಂದಿತ್ತು.

ಮರುದಿನ ಒಂದು ಡ್ರಾಯಿಂಗ್ ಪುಸ್ತಕ, ಬಣ್ಣದ ಪೆನ್ಸಿಲ್ ತಂದೆ. ನಾನು ಕಥೆ ಹೇಳಬೇಕು, ಅವಳು ಚಿತ್ರ ಬರೆಯಬೇಕು.

ಕಥೆ ಹೀಗಿದೆ. ಒಬ್ಬ ರಾಜ, ಒಬ್ಬ ಮಂತ್ರಿ, ಇಬ್ಬರೂ ಮೂರ್ಖರು. ಹಗಲು ಮಲಗಬೇಕು, ರಾತ್ರಿ ಹೊಲ ಊಳಬೇಕು ಎಂದು ಅವರ ಅಪ್ಪಣೆ. ಆ ಊರಿಗೆ ಒಬ್ಬ ಗುರು, ಒಬ್ಬ ಶಿಷ್ಯ ಬಂದರು. ಸಂಜೆ ಅಂಗಡಿಗೆ ಹೋದರೆ ಸೋಜಿಗ! ಅಕ್ಕಿಗೂ ಒಂದು ದುಡ್ಡು, ಬಾಳೆಹಣ್ಣಿಗೂ ಒಂದು ದುಡ್ಡು, ಎಲ್ಲದಕ್ಕೂ ಒಂದೇ ದುಡ್ಡು. ಶಿಷ್ಯನಿಗೆ ಸ್ವರ್ಗ ಸಿಕ್ಕಂತಾಯಿತು. ಗುರು ಮಾತ್ರ, "ಇದು ಮೂರ್ಖರ ಊರು, ಇಲ್ಲಿರುವುದು ಬೇಡ" ಎಂದು ಹೊರಟುಹೋದ.

ಇಲ್ಲಿ ನಿಲ್ಲಿಸಿ ಮೊಮ್ಮಗಳನ್ನು ಕೇಳಿದೆ: "ತಂಗಿ, ನೀನು ಆ ಊರಾಗ ತುಪ್ಪ ಮಾರಾಕಿ. ತುಪ್ಪಕ್ಕೂ ಒಂದು ದುಡ್ಡು, ಬಾಳೆಹಣ್ಣಿಗೂ ಒಂದು ದುಡ್ಡು. ಏನು ಮಾಡತಿ?"

ಅವಳು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. "ನಾ ತುಪ್ಪ ತರೂದ ಬಿಡತೇನಿ ಅಜ್ಜಾ. ಬಾಳೆಹಣ್ಣಷ್ಟ ತರತೇನಿ."

"ಎಲ್ಲಾರೂ ಹಂಗ ಮಾಡಿದ್ರ?"

"ಪ್ಯಾಟ್ಯಾಗ ತುಪ್ಪ ಇರೂದ ಇಲ್ಲ!"

ನೋಡಿ, ನಾನು ಕಾಲೇಜಿನಲ್ಲಿ ಮೂರು ವರ್ಷ ಕಲಿತದ್ದನ್ನು ಅವಳು ಮೂರು ನಿಮಿಷದಲ್ಲಿ ಹೇಳಿದಳು. ಬೆಲೆ ಎಂದರೆ ಒಂದು ಸುದ್ದಿ. ಯಾವುದು ಕಡಿಮೆ ಇದೆ, ಯಾವುದು ಹೆಚ್ಚಿದೆ, ಮುಂದೆ ಯಾವುದನ್ನು ಬೆಳೆಯಬೇಕು ಎಂಬ ಸುದ್ದಿ. ಬೆಲ್ಲದ ಬೆಲೆಯನ್ನು ಒಬ್ಬರು ಕುಳಿತು ಬರೆಯುವುದಿಲ್ಲ. ಮಾರುವವರು, ಕೊಳ್ಳುವವರು ಸೇರಿ ದಿನಾ ಅದನ್ನು ಹೇಳುತ್ತಾರೆ.

ಈ ಮಾತು ನನಗೆ ಮೊದಲು ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಅತ್ತೆಯ ಮದುವೆಯಲ್ಲಿ. ಅದು 1966, ಸಕ್ಕರೆಗೆ ಸರ್ಕಾರದ ಪೂರ್ತಿ ಕಂಟ್ರೋಲ್ ಇದ್ದ ಕಾಲ. ಮದುವೆಗೆ ಸಕ್ಕರೆ ಬೇಕೆಂದರೆ ಅರ್ಜಿ ಕೊಟ್ಟು ಪರ್ಮಿಟ್ ತರಬೇಕಿತ್ತು. ನಮ್ಮಜ್ಜ ಲಗ್ನಪತ್ರಿಕೆ ಹಿಡಿದು ಒಂದು ಕಚೇರಿಗೆ ನಾಲ್ಕು ಸಲ ಅಲೆದರು. ಚೀಟಿ ಕೈಗೆ ಬಂದದ್ದು ಅತ್ತೆ ಗಂಡನ ಮನೆಗೆ ಹೋದ ಮೇಲೆ! ಸುತ್ತಲೂ ಕಬ್ಬಿನ ಹೊಲ, ಮನೆಯಲ್ಲಿ ಸಕ್ಕರೆ ಇಲ್ಲ. ಕೊನೆಗೆ ಗಾಣದಿಂದ ಬೆಲ್ಲ ತಂದು ಹೋಳಿಗೆ ಮಾಡಿ ಮರ್ಯಾದೆ ಉಳಿಸಿಕೊಂಡೆವು.

ಕಥೆ ಮುಂದಿದೆ. ಒಬ್ಬ ಕಳ್ಳ ವ್ಯಾಪಾರಿಯ ಮನೆಗೆ ಕನ್ನ ಹಾಕುವಾಗ ಗೋಡೆ ಬಿದ್ದು ಸತ್ತ. ಅವನ ಅಣ್ಣ ರಾಜನಲ್ಲಿಗೆ ದೂರು ಒಯ್ದ. ತಪ್ಪು ಯಾರದು? ಮನೆಯವನು ಗೋಡೆ ಕಟ್ಟಿದವನನ್ನು ತೋರಿಸಿದ, ಅವನು ನರ್ತಕಿಯನ್ನು ತೋರಿಸಿದ, ಅವಳು ಅಕ್ಕಸಾಲಿಗನನ್ನು ತೋರಿಸಿದಳು. ಸುತ್ತಿ ಸುತ್ತಿ ತಪ್ಪು ಮನೆಯವನ ಮೇಲೇ ಬಂತು. ಶೂಲಕ್ಕೇರಿಸಲು ಹೋದರೆ ಅವನು ತೀರ ಬಡಕಲು, ಶೂಲಕ್ಕೆ ಒಪ್ಪುವುದಿಲ್ಲ. ಹಾಗಾದರೆ ದಪ್ಪಗಿರುವವನನ್ನು ಹಿಡಿದು ತನ್ನಿ! ಅಗ್ಗದ ಊಟ ತಿಂದು ಕೊಬ್ಬಿದ ಶಿಷ್ಯನೇ ಸಿಕ್ಕ. ಅಷ್ಟರಲ್ಲಿ ಗುರು ಬಂದು, ಈ ಶೂಲದಲ್ಲಿ ಮೊದಲು ಸತ್ತವನು ಮುಂದಿನ ಜನ್ಮದಲ್ಲಿ ಈ ರಾಜ್ಯದ ರಾಜನಾಗುತ್ತಾನೆಂದು ನಂಬಿಸಿದ. ರಾಜ, ಮಂತ್ರಿ ಇಬ್ಬರೂ ತಾವೇ ಹೋಗಿ ಏರಿ ಸತ್ತರು. ಜನ ಗುರು-ಶಿಷ್ಯರನ್ನೇ ರಾಜ್ಯ ಆಳಿರೆಂದು ಬೇಡಿಕೊಂಡರು. ಅವರ ಷರತ್ತು ಒಂದೇ, ಹಳೆಯ ಕಾನೂನುಗಳು ಬದಲಾಗಬೇಕು. ಹಗಲು ಹಗಲೇ ಆಯಿತು, ಒಂದೇ ದುಡ್ಡಿನ ಬೆಲೆಯೂ ಹೋಯಿತು.

"ಆ ರಾಜ ಕೆಟ್ಟವನೇನು?" ಎಂದು ಕೇಳಿದೆ.

"ಕೆಟ್ಟವ ಅಲ್ಲ ಅಜ್ಜಾ, ಶ್ಯಾಣ್ಯಾ ಅಲ್ಲ. ಆದ್ರ ಅವಗ ಬ್ಯಾಡಾ ಅನ್ನಾವ್ರು ಯಾರೂ ಇದ್ದಿಲ್ಲ."

ಸರ್ಕಾರಕ್ಕೆ ಮಿತಿ ಏಕೆ ಬೇಕೆಂಬುದಕ್ಕೆ ಇದಕ್ಕಿಂತ ಸರಳ ಉತ್ತರ ನನಗೆ ಗೊತ್ತಿಲ್ಲ. ಕಾನೂನು ರಾಜನಿಗಿಂತ ಮೇಲಿರಬೇಕು. ತಪ್ಪು ಮಾಡಿದವನಿಗೆ ಶಿಕ್ಷೆಯಾಗಬೇಕು, ಶೂಲಕ್ಕೆ ಒಪ್ಪುವವನಿಗಲ್ಲ.

ನಾನು ಗೆದ್ದೆನೆಂದು ಬೀಗುತ್ತಿದ್ದಾಗಲೇ ಹುಡುಗಿ ಕೇಳಿದಳು: "ಹಂಗಾದ್ರ ಅಪ್ಪ ಸರ್ಕಾರಕ್ಕ ರೇಟ್ ಕೇಳಿದ್ದು ತಪ್ಪೇನು?"

ಮಗ ಬಾಗಿಲಲ್ಲೇ ನಿಂತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅಂದ: "ಅಪ್ಪಾ, ನಿಮಗ ತಿಂಗಳಾ ಪಿಂಚಣಿ ಬರತೈತಿ. ಮಾರುಕಟ್ಟಿ ಮಾತು ನಿಮಗ ಹಗುರ."

ಮಾತು ನಾಟಿತು. ನಾನು ದುಡಿದದ್ದು ಸರ್ಕಾರದ ಬ್ಯಾಂಕಿನಲ್ಲೇ. 1972ರ ಬರದಲ್ಲಿ ರೇಶನ್ ಧಾನ್ಯದಿಂದ ಎಷ್ಟೋ ಮನೆಗಳ ಒಲೆ ಹೊತ್ತಿದ್ದನ್ನು ಕಣ್ಣಾರೆ ಕಂಡವನು ನಾನು. ಅದನ್ನು ಮರೆತು ಮೊಮ್ಮಗಳಿಗೆ ಅರ್ಧ ಕಥೆ ಹೇಳಬಾರದು.

ಅದಕ್ಕೆ ಕಬ್ಬಿನ ಚಿತ್ರ ಬರೆಸಿದೆ. ಬೆಲ್ಲದ ಪೆಂಟಿಯನ್ನು ಮನೆಯಲ್ಲಿ ಇಟ್ಟುಕೊಂಡು ದರ ಬಂದಾಗ ಮಾರಬಹುದು, ಈ ಪೇಟೆ ಬೇಡವಾದರೆ ಇನ್ನೊಂದಕ್ಕೆ ಒಯ್ಯಬಹುದು. ಕಡಿದ ಕಬ್ಬು ಕಾಯುವುದಿಲ್ಲ. ದಿನ ಕಳೆದಂತೆ ತೂಕವೂ ಇಳಿಯುತ್ತದೆ, ಸಿಹಿಯೂ ಇಳಿಯುತ್ತದೆ. ಹತ್ತಿರದ ಕಾರ್ಖಾನೆಗೇ ಹಾಕಬೇಕು. ಹೊಸ ಕಾರ್ಖಾನೆ ಹಳೆಯದರಿಂದ ಕನಿಷ್ಠ 15 ಕಿಲೋಮೀಟರ್ ದೂರವಿರಬೇಕೆಂದು ಕೇಂದ್ರ ಸರ್ಕಾರದ ನಿಯಮವೇ ಇದೆ. ಕೊಳ್ಳುವವರ ಸಂಖ್ಯೆಯನ್ನು ಕಾನೂನೇ ಕಡಿಮೆ ಮಾಡಿದ ಮೇಲೆ ರೈತ ದರಕ್ಕಾಗಿ ಸರ್ಕಾರದ ಬಾಗಿಲಿಗೆ ಹೋಗದೆ ಎಲ್ಲಿಗೆ ಹೋಗಬೇಕು? ಅಂಥ ಪೇಟೆಯನ್ನು ಮುಕ್ತ ಪೇಟೆ ಎಂದು ನಾನು ಹೇಳಲಾರೆ.

ಮಗನಿಗೆ ಇಷ್ಟೇ ಅಂದೆ: "ನಿನ್ನ ಹಟ ತಪ್ಪಲ್ಲಪ್ಪಾ. ಆದ್ರ ಬರೀ ರೇಟ್ ಕೇಳಬ್ಯಾಡ. ಕಾಟಾ ಸರಿ ಇರಲಿ, 14 ದಿನದಾಗ ಬಿಲ್ ಕೊಡಬೇಕಂತ ಕಾನೂನು ಐತಿ, ಅದು ನಡೀಲಿ, ಕೊಳ್ಳಾವ್ರು ಹೆಚ್ಚಾಗಲಿ. ಇದನ್ನೂ ಕೇಳು." ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮಗಳ ಪಕ್ಕದಲ್ಲಿ ಕುಳಿತು ಕಬ್ಬಿಗೆ ಹಸಿರು ತುಂಬಿದ.

ಕೊನೆಗೆ ಎದುರುಬದುರಿನ ಎರಡು ಪುಟ ಉಳಿದವು. ಒಂದಕ್ಕೆ 'ರಾಜನ ಕೆಲಸ', ಇನ್ನೊಂದಕ್ಕೆ 'ರಾಜನ ಕೆಲಸವಲ್ಲ' ಎಂದು ಹೆಸರಿಟ್ಟೆವು. ಮೊದಲನೆಯದರಲ್ಲಿ ತಕ್ಕಡಿ, ಪೊಲೀಸ್, ರಸ್ತೆ, ಬರಗಾಲದ ಅನ್ನ ಬಂದವು. ಎರಡನೆಯದರಲ್ಲಿ ತುಪ್ಪದ ಬೆಲೆ, ನಿದ್ದೆಯ ಹೊತ್ತು, ಮದುವೆಯ ಲಾಡು ಬಂದವು. ಕಬ್ಬನ್ನು ಎಲ್ಲಿ ಬರೆಯಬೇಕೆಂದು ಅವಳು ಬಹಳ ಹೊತ್ತು ಯೋಚಿಸಿದಳು. ಕಡೆಗೆ ಎರಡೂ ಪುಟಗಳ ನಡುವಿನ ಹೊಲಿಗೆಯ ಮೇಲೆ ಬರೆದಳು. ನಾನು ಅಳಿಸಲಿಲ್ಲ.

ಈ ವಾರದ ಮನೆಕೆಲಸ: ಮಕ್ಕಳೇ, ಅಜ್ಜ-ಅಜ್ಜಿಯ ಜೊತೆ ನಿಮ್ಮೂರ ಸಂತೆಗೆ ಹೋಗಿ. ಒಂದೇ ಕಾಯಿಪಲ್ಲೆಯ ದರವನ್ನು ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಕೇಳಿ ಬರೆದುಕೊಳ್ಳಿ. ಯಾಕೆ ಬದಲಾಯಿತು ಎಂಬುದನ್ನು ಮಾರುವವರನ್ನೇ ಕೇಳಿ, ಚಿತ್ರ ಬರೆಯಿರಿ. ಅಜ್ಜ-ಅಜ್ಜಿಯರೇ, ಉತ್ತರವನ್ನು ನೀವು ಮೊದಲೇ ಹೇಳಿಬಿಡಬೇಡಿ.